ಹಡಗಿನಲ್ಲಿ ಐದು ಸುತ್ತಿನ ಊಟ

ಮಕ್ಕಳೇ, ನಮ್ಮ ಬಾಳೆ ಎಲೆಯ ಊಟದಲ್ಲಿ ಉಪ್ಪಿನಿಂದ ಪಾಯಸದವರೆಗೆ ಎಲ್ಲವನ್ನೂ ಒಂದೇ ಎಲೆಗೆ ಬಡಿಸುತ್ತಾರೆ. ಪ್ರವಾಸಿ ಹಡಗಿನ ವಿಶೇಷ ರಾತ್ರಿಯೂಟ ಹಾಗಲ್ಲ. ಅಲ್ಲಿ ಒಂದು ತಟ್ಟೆ ತೆಗೆದ ಮೇಲೆಯೇ ಇನ್ನೊಂದು ಬರುತ್ತದೆ.

ಕಳೆದ ವರ್ಷ ಸಿಂಗಪುರದಿಂದ ಹೊರಟ ಹಡಗಿನಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ನಾನೂ ಇದ್ದೆ. ನಾನು ಮೊಟ್ಟೆಯನ್ನೂ ತಿನ್ನುವವಳಲ್ಲ. ಆ ರಾತ್ರಿ ಕೋಣೆಯಲ್ಲೇ ಬಾಳೆಹಣ್ಣು ತಿಂದು ಮಲಗುತ್ತೇನೆ ಎಂದೆ. ಮೊಮ್ಮಗಳು ಬಿಡಲಿಲ್ಲ. ಹಿಂದಿನ ದಿನವೇ ಬಡಿಸುವವರ ಮುಖ್ಯಸ್ಥರ ಬಳಿ ಹೋಗಿ, “ಅಜ್ಜಿಗೆ ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ” ಎಂದು ಬರೆಸಿ ಬಂದಳು.

ಮೇಜಿನ ಮೇಲೆ ಚಮಚ, ಫೋರ್ಕ್, ಚಾಕುಗಳ ಸಾಲು ಕಂಡು ಗಾಬರಿಯಾಗಬೇಡಿ. ಹೊರಗಿನದರಿಂದ ಆರಂಭಿಸಿ ಒಳಕ್ಕೆ ಬಂದರಾಯಿತು. ಎಡಗಡೆಯ ಬ್ರೆಡ್ ತಟ್ಟೆ, ಬಲಗಡೆಯ ನೀರಿನ ಲೋಟ ನಿಮ್ಮವು. ನಮಗೆ ಮೊದಲು ಸೂಪು, ಆಮೇಲೆ ಸಲಾಡ್, ನಾಲಿಗೆ ಶುಚಿಯಾಗಲು ಎರಡು ಚಮಚ ನಿಂಬೆಯ ಸೋರ್ಬೆ, ಮುಖ್ಯ ತಿನಿಸು, ಕೊನೆಗೆ ಸಿಹಿ ಬಂದವು. ಎಲ್ಲವೂ ಸ್ವಲ್ಪಸ್ವಲ್ಪವೇ. ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ!

ಸಿಹಿಯ ಹೆಸರು ಬೇಕ್ಡ್ ಅಲಾಸ್ಕಾ. ಒಳಗೆ ಐಸ್‌ಕ್ರೀಮ್, ಹೊರಗೆ ಬಿಸಿಯಲ್ಲಿ ಕೆಂಪಾದ ಮೊಟ್ಟೆಯ ಬಿಳಿಯ ನೊರೆ. ನೊರೆಯೊಳಗಿನ ಗಾಳಿ ಬಿಸಿಯನ್ನು ತಡೆಯುವುದರಿಂದ ಐಸ್‌ಕ್ರೀಮ್ ಕರಗುವುದಿಲ್ಲ. ನನಗೆ ಅದರ ಬದಲು ಹೆಚ್ಚಿದ ಮಾವಿನಹಣ್ಣು ಬಂತು.

ಊಟಕ್ಕೆ ಎರಡು ಗಂಟೆ ಹಿಡಿಯಿತು. ಒಂದು ತಟ್ಟೆಗೂ ಇನ್ನೊಂದಕ್ಕೂ ನಡುವೆ ಮೊಮ್ಮಗಳು ನನ್ನ ಶಾಲೆಯ ದಿನಗಳ ಬಗ್ಗೆ ಕೇಳುತ್ತಲೇ ಇದ್ದಳು. ಅಜ್ಜ ಅಜ್ಜಿಯರೇ, ಕೋಣೆಯಲ್ಲಿ ಉಳಿಯಬೇಡಿ. ನಿಮಗೇನು ಬೇಡವೋ ಅದನ್ನು ಮುಂಚೆಯೇ ಹೇಳಿ, ಎಲ್ಲರ ಜೊತೆ ಕೂತು ಉಣ್ಣಿ.