ಹಲ್ಲಿನ ಮೂರನೆಯ ಹುಟ್ಟು

ಅಮರಕೋಶವನ್ನು ಬಾಯಿಪಾಠ ಮಾಡಿದವರು ದ್ವಿಜಶಬ್ದಕ್ಕೆ ಮೂರು ಅರ್ಥಗಳನ್ನು ಹೇಳುವರು: ಬ್ರಾಹ್ಮಣ, ಹಕ್ಕಿ, ಹಲ್ಲು. ಹಕ್ಕಿಯು ಮೊಟ್ಟೆಯಾಗಿ ಹುಟ್ಟಿ ಮರಿಯಾಗಿ ಮರಳಿ ಹುಟ್ಟುವುದು. ಹಲ್ಲು ಹಾಲುಹಲ್ಲಾಗಿ ಬಂದು, ಬಿದ್ದು, ಮತ್ತೆ ಮೂಡುವುದು. ಕೋಶಕಾರನ ಕಾಲಕ್ಕೆ ಲೆಕ್ಕವು ಅಲ್ಲಿಗೆ ಮುಗಿದಿತ್ತು. ಮೂರನೆಯ ಹುಟ್ಟು ಈಚಿನದು. ಅದು ಸ್ವೀಡನ್ ದೇಶದಲ್ಲಿ, ಅದೂ ಒಂದು ಮೊಲದ ಕಾಲಿನಲ್ಲಿ, ಮೊದಲಾಯಿತೆಂದರೆ ವಾಚಕರಿಗೆ ಸೋಜಿಗವಾದೀತು. 1952ರಲ್ಲಿ ಬ್ರೋನೆಮಾರ್ಕ್ ಎಂಬ ವಿದ್ವಾಂಸರು ಎಲುಬಿನೊಳಗಣ ರಕ್ತಸಂಚಾರವನ್ನು ನೋಡಲೆಂದು ಮೊಲದ ಎಲುಬಿಗೆ ಟೈಟೇನಿಯಂ ಲೋಹದ ಸಣ್ಣ ಸಾಧನವೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೊಲ್ಲದು. ಎಲುಬು ಲೋಹವನ್ನು ತನ್ನದನ್ನಾಗಿ ಮಾಡಿಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನೊಬ್ಬನ ದವಡೆಯಲ್ಲಿ ಇಂಥ ಬೇರುಗಳನ್ನು ನೆಟ್ಟರು. ಆತನು 2006ರಲ್ಲಿ ತೀರಿಕೊಳ್ಳುವವರೆಗೂ ಅವು ಆತನ ಬಾಯಲ್ಲಿಯೇ ಇದ್ದುವು.

ಇಂಥ ಹುಟ್ಟಿಗೆ ಮನಸ್ಸು ಮಾಡಿದವರು ಮಲೆನಾಡಿನ ಒಬ್ಬ ಹಿರಿಯ ಗಮಕಿಗಳು. ಅವರ ಮೇಲ್ದವಡೆಯ ಮುಂದಿನ ಹಲ್ಲುಗಳೆರಡು ಬಿದ್ದು ಎರಡು ವರ್ಷವಾಗಿದ್ದಿತು. ಊಟದ ಚಿಂತೆ ಅವರಿಗಿರಲಿಲ್ಲ. ಅನ್ನವನ್ನು ಮೆತ್ತಗೆ ಕಲಸಿ ಉಂಡರಾಯಿತು. ಆದರೆ ತವರ್ಗವೆಲ್ಲ ದಂತ್ಯ, ಸಕಾರವೂ ದಂತ್ಯ. ನಾಲಗೆಯ ತುದಿಗೆ ಒರಗಲು ಗೋಡೆಯಿಲ್ಲದಿದ್ದರೆ ಅಕ್ಷರವು ನಿಲ್ಲುವುದೆಲ್ಲಿ? ಕುಮಾರವ್ಯಾಸ ಭಾರತದಲ್ಲಿ ದ್ರೌಪದಿಯು ಸಭೆಯಲ್ಲಿ ಮೊರೆಯಿಡುವ ಭಾಗವನ್ನು ಓದುತ್ತಿರುವಾಗ ಸಕಾರವು ಸಿಳ್ಳಾಗಿ ಹೊರಬಿದ್ದು ಮುಂದೆ ಕುಳಿತ ಮಕ್ಕಳು ನಕ್ಕರು. ತೆಗೆದಿಡುವ ಕಟ್ಟುಹಲ್ಲನ್ನೂ ಹಾಕಿ ನೋಡಿದರು. ತಾರಸ್ಥಾಯಿಗೆ ಏರಿದೊಡನೆ ಅದು ಜಾರುವುದು. ಕರುಣರಸವನ್ನು ಕಾಯುವುದೋ ಹಲ್ಲನ್ನು ಕಾಯುವುದೋ ಎಂಬ ಸಂಕಟದಲ್ಲಿ ಅವರು ಒಂದು ವರ್ಷ ಓದನ್ನೇ ನಿಲ್ಲಿಸಿದ್ದರು.

ದಂತವೈದ್ಯೆಯು ಅವರ ಮೊಮ್ಮಗಳ ಪ್ರಾಯದವಳು. ಬೇರು ನೆಡುವ ದಿನವನ್ನು ಕೇಳಲು ಹೋದವರಿಗೆ ಆಕೆ ದಿನವನ್ನು ಹೇಳದೆ ಪ್ರಶ್ನೆಗಳನ್ನು ಕೇಳಿದಳು. ದವಡೆಯ ಮೂರು ಆಯಾಮಗಳ ಕ್ಷ-ಕಿರಣ ಚಿತ್ರವನ್ನು ತೆಗೆಸಿ ಎಲುಬಿನ ಎತ್ತರ, ದಪ್ಪಗಳನ್ನು ಅಳೆದಳು. ಹಲ್ಲು ಹೋದೆಡೆಯಲ್ಲಿ ಎಲುಬು ತಾನೇ ಸವೆಯುತ್ತ ಬರುವುದಂತೆ. ಕೆಲಸವಿಲ್ಲದ ಆಳು ಸೊರಗುವಂತೆ. ಇವರದು ಸವೆದಿದ್ದರೂ ಸಾಲುವಷ್ಟಿದ್ದಿತು. ವಸಡಿನ ಬಾವನ್ನು ಮೊದಲು ವಾಸಿಮಾಡಬೇಕು, ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನು ತಿಳಿಸುವ ರಕ್ತಪರೀಕ್ಷೆ ಆಗಬೇಕು ಎಂದಳು.

“ಹೃದಯಕ್ಕೆ ಮಾತ್ರೆಯೇನಾದರೂ ಉಂಟೆ, ಅಜ್ಜ?”

“ಉಂಟಮ್ಮಾ. ರಕ್ತ ತೆಳ್ಳಗಾಗುವ ಮಾತ್ರೆ. ಕತ್ತರಿ ಹಾಕಿದಾಗ ರಕ್ತ ನಿಲ್ಲದೆಂದು ಪಕ್ಕದ ಮನೆಯವರು ಹೇಳಿದರು. ಮೂರು ದಿನದಿಂದ ಬಿಟ್ಟಿದ್ದೇನೆ.”

ಆಕೆಯ ಮುಖ ಗಂಭೀರವಾಯಿತು. ಅಲ್ಲಿಂದಲೇ ಹೃದ್ರೋಗದ ವೈದ್ಯರಿಗೆ ಫೋನು ಮಾಡಿ ಮಾತನಾಡಿ, ಮಾತ್ರೆಯನ್ನು ಆ ದಿನವೇ ಮತ್ತೆ ಆರಂಭಿಸುವಂತೆ ಹೇಳಿದಳು. ವಸಡಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ತಾನು ಏನು ಮಾಡಲಿ, ಎಂದು ಕೇಳಿದಳು. ನೆರೆಮನೆಯ ವೈದ್ಯಕ್ಕೆ ಶುಲ್ಕವಿಲ್ಲದಿರುವುದೇ ಅದರ ದೊಡ್ಡ ಅಪಾಯವೆಂದು ತೋರುತ್ತದೆ.

ಬೇರೆ ಅಭ್ಯಾಸಗಳುಂಟೆ ಎಂದು ಕೇಳಿದಾಗ ಗಮಕಿಗಳು ಕಾಫಿಯೊಂದನ್ನು ಒಪ್ಪಿಕೊಂಡು ಸುಮ್ಮನಾದರು. ಮೂಲೆಯಲ್ಲಿ ಕುಳಿತಿದ್ದ ಅವರ ಹೆಂಡತಿಯು, “ಹೊಗೆಸೊಪ್ಪಿನ ಮಾತನ್ನು ಹೇಳಲಿಲ್ಲವಲ್ಲ ನೀವು” ಎಂದರು. ನಲವತ್ತು ವರ್ಷ ಎಲೆಯಡಕೆಯೊಂದಿಗೆ ನಡೆದುಬಂದ ಅಭ್ಯಾಸವದು. ವಾಚನಕ್ಕೆ ಮೊದಲು ಒಂದು, ಮಂಗಳವಾದ ಮೇಲೆ ಒಂದು. ತಂಬಾಕಿನ ಬಾಯಲ್ಲಿ ಗಾಯವು ಬೇಗ ಮಾಯುವುದಿಲ್ಲ. ಎಲುಬು ಲೋಹವನ್ನು ಹಿಡಿಯದೆ ಬೇರು ಸಡಿಲವಾಗುವ ಸಂಭವವೂ ಹೆಚ್ಚು. ಹೊಗೆಸೊಪ್ಪನ್ನು ಬಿಡದೆ ತಾನು ಕೈಹಾಕುವುದಿಲ್ಲವೆಂದು ವೈದ್ಯೆಯು ಹೇಳಿಬಿಟ್ಟಳು. ಒಳಗೆ ವಸಡಿನ ಪಕ್ಕದಲ್ಲಿ ಒಂದು ಬಿಳಿಯ ಕಲೆಯನ್ನು ಕಂಡು, ಅದನ್ನೂ ಬೇರೆಯವರಿಗೆ ತೋರಿಸಿ ಬರುವಂತೆ ಚೀಟಿ ಬರೆದಳು. ಆ ಚೀಟಿಯ ಫಲ ತಿಳಿಯುವವರೆಗಿನ ಹತ್ತು ದಿನ ಮನೆಯಲ್ಲಿ ಯಾರೂ ಹಲ್ಲಿನ ಮಾತನ್ನೆತ್ತಲಿಲ್ಲ. ಕಲೆಯಲ್ಲಿ ಕೇಡೇನೂ ಇಲ್ಲವೆಂದು ತಿಳಿದ ಸಂಜೆ ಗಮಕಿಗಳು ತಾವಾಗಿಯೇ ಹೊಗೆಸೊಪ್ಪಿನ ಡಬ್ಬಿಯನ್ನು ತಂದು ಹೆಂಡತಿಯ ಕೈಗೆ ಕೊಟ್ಟರು. ಮುಂದಿನ ಮೂರು ವಾರ ಅವರ ಸಿಡುಕನ್ನು ಸಹಿಸಿದವರು ಆಕೆ.

ಸಿದ್ಧತೆಯಲ್ಲಿ ಉಳಿದದ್ದು ಕಾಲದ ಲೆಕ್ಕ. ಬೇರು ನೆಟ್ಟ ದಿನವೇ ಹಲ್ಲು ಬರುವುದಿಲ್ಲ. ಎಲುಬು ಅದನ್ನು ಅಪ್ಪಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಮಾಘಮಾಸದ ಭಾರತವಾಚನವು ನಡುವೆ ಬರುವುದು. ಅದು ಮುಗಿದ ಮೇಲೆ ನೆಡಿಸೋಣವೆಂದು ಮಗನು ಹೇಳಿದನು. ಗಮಕಿಗಳು ಒಪ್ಪಲಿಲ್ಲ, ಕಾದಷ್ಟೂ ಎಲುಬು ಸವೆಯುವುದೆಂಬುದನ್ನು ಅವರು ಮರೆತಿರಲಿಲ್ಲ.

ಶಸ್ತ್ರಕ್ರಿಯೆಗೆ ಉಪವಾಸವಿರಬೇಕೆಂದು ಅವರು ಭಾವಿಸಿದ್ದರು. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಮದ್ದು, ಆದ್ದರಿಂದ ತಿಂಡಿಯನ್ನು ತಿಂದು, ಎಂದಿನ ಮಾತ್ರೆಗಳನ್ನು ನುಂಗಿಯೇ ಬರಬೇಕೆಂದು ವೈದ್ಯೆಯು ಹೇಳಿದ್ದಳು. ಹಿಂದಿನ ದಿನ ಸಂಜೆ ಅವರು ಶಿಷ್ಯನನ್ನು ಕರೆಸಿ ಸಭಾಪರ್ವವನ್ನು ಮುಂದಿಟ್ಟು, ಮಾಘದಲ್ಲಿ ಅವನೇ ಓದಬೇಕೆಂದರು. ಹುಡುಗನು ಹೆದರಿ ಆರಂಭಿಸಿದನು. ಎರಡನೆಯ ಪದ್ಯದಲ್ಲಿಯೇ ಶಕಾರವನ್ನು ಸಕಾರ ಮಾಡಿದನು. ಗಮಕಿಗಳು ಉಚ್ಚರಿಸಿ ತೋರಿಸಹೋಗಿ, ತಮ್ಮ ಸಕಾರವು ಸಿಳ್ಳಾದುದರಿಂದ ತಡೆದು, ಹಲಗೆಯ ಮೇಲೆ ಎರಡು ಅಕ್ಷರಗಳನ್ನೂ ದೊಡ್ಡದಾಗಿ ಬರೆದು ಅವನ ಕಡೆಗೆ ತಿರುಗಿಸಿದರು.