ಆಟಿಯಲ್ಲಿ ಹೇಳಿಟ್ಟ ಕತ್ತಿ

ಕಾಸರಗೋಡಿನ ಒಳನಾಡಿನಲ್ಲಿ ಕತ್ತಿಯನ್ನು ಕೊಳ್ಳುವುದೆಂಬ ಮಾತು ಇತ್ತೀಚಿನದು. ಹಿಂದಿನವರು ಕತ್ತಿಯನ್ನು ಕೊಳ್ಳುತ್ತಿರಲಿಲ್ಲ, ಹೇಳಿಡುತ್ತಿದ್ದರು. ಆಚಾರಿಯ ಕುಲುಮೆಗೆ ಹೋಗಿ, ಇಂಥದ್ದು ಬೇಕೆಂದು ತಿಳಿಸಿ, ಎಲೆಯಡಕೆ ಹಾಕಿಕೊಂಡು ಎದ್ದುಬಂದರೆ ಅವರ ಪಾಲಿನ ವ್ಯವಹಾರ ಮುಗಿಯಿತು. ಮುಂದಿನದು ಕಾಯುವ ಕೆಲಸ. ಪೊದೆ ಸವರುವ ದೊಡ್ಡ ಕತ್ತಿ, ಸೊಪ್ಪು ಕೊಯ್ಯುವ ಬಾಗುಕತ್ತಿ, ಅಡುಗೆಮನೆಯ ಮೆಟ್ಟುಕತ್ತಿ, ಚಾವಡಿಯ ಅಡಕತ್ತರಿ, ತೆಂಗಿನ ಹೊಂಬಾಳೆಯನ್ನು ತೆಳ್ಳಗೆ ಕೆತ್ತಿ ಕಳ್ಳು ಇಳಿಸುವ ಮೂರ್ತೆಯವರ ಅಗಲವಾದ ಕತ್ತಿ, ಇವೆಲ್ಲ ಒಂದೇ ಬೆಂಕಿಯಿಂದ ಹೊರಟು ಬೇರೆಬೇರೆ ಕೈಗಳನ್ನು ಸೇರುತ್ತಿದ್ದವು. ಅವುಗಳಲ್ಲಿ ಅತ್ಯಂತ ಚಿಕ್ಕದು ಪೀಶಕತ್ತಿ. ಉಳಿದವು ಕೆಲಸವಾದ ಮೇಲೆ ಮಾಡಿನ ಎಡೆಗೆ ಮರಳುತ್ತವೆ. ಪೀಶಕತ್ತಿ ಮಾತ್ರ ಯಜಮಾನನ ಜತೆಯಲ್ಲೇ ತಿರುಗುತ್ತದೆ.

ಎಲೆಯಡಕೆಯ ಸಂಚಿಯಲ್ಲಿ ಅದಕ್ಕೊಂದು ಸ್ಥಾನ. ಅಡಕೆಯನ್ನು ಹೋಳು ಮಾಡುವುದು, ವೀಳ್ಯದೆಲೆಯ ತೊಟ್ಟು ಮುರಿಯುವುದು ಅದರ ನಿತ್ಯದ ಉದ್ಯೋಗ. ಅದರ ನಡುವೆ ಕಾಳುಮೆಣಸಿನ ಬಳ್ಳಿಯ ಕಟ್ಟು ಬಿಡಿಸಬೇಕು, ಗೊಬ್ಬರದ ಚೀಲದ ಹೊಲಿಗೆ ಕೀಳಬೇಕು, ಊಟದ ಹೊತ್ತಿಗೆ ಬಾಳೆಲೆ ಕೊಯ್ಯಬೇಕು, ಅಂಗಾಲಿಗೆ ಹೊಕ್ಕ ಮುಳ್ಳನ್ನು ತೆಗೆಯಬೇಕು. ಕೊಡವರು ನಡುವಿನ ಚೇಲೆಯಲ್ಲಿ ಧರಿಸುವ ಪೀಚೆಕತ್ತಿ, ಮಲೆಯಾಳಿಗಳ ಪಿಚ್ಚಾತ್ತಿ, ಈ ಸೀಮೆಯ ಪೀಶಕತ್ತಿ ಒಂದೇ ಬಳಗದ ಮಾತುಗಳೆಂಬುದು ಕಿವಿಗೇ ತಿಳಿಯುತ್ತದೆ. ಕೊಡಗಿನಲ್ಲಿ ಅದು ಬೆಳ್ಳಿಯ ಕುಸುರಿ ಹೊತ್ತು ಮದುವೆಯ ಉಡುಪಿನ ಭಾಗವಾಯಿತು. ಕಾಸರಗೋಡಿನ ಅಡಕೆ ತೋಟಗಳಲ್ಲಿ ಅದಕ್ಕೆ ಅಂಥ ಭಾಗ್ಯವಿಲ್ಲ. ಇಲ್ಲಿ ಅದು ದುಡಿಮೆಯ ಸಾಮಾನು.

ಪೆರಡಾಲ ಹೊಳೆಯ ಆಸುಪಾಸಿನ ಒಬ್ಬ ಕೃಷಿಕರು, ವಯಸ್ಸು 62, ಕಳೆದ ಆಟಿಯಲ್ಲಿ ಒಂದು ಪೀಶಕತ್ತಿ ಹೇಳಿಟ್ಟರು. ಅದಕ್ಕೆ ಕಾರಣವಿತ್ತು. ಬೇಸಗೆಯಲ್ಲಿ ಜಾಗದ ಕಾಗದದ ಕೆಲಸಕ್ಕೆಂದು ಪೇಟೆಯ ಒಂದು ಸರಕಾರಿ ಕಟ್ಟಡಕ್ಕೆ ಹೋಗಿದ್ದರು. ಬಾಗಿಲಲ್ಲಿ ಸಂಚಿಯನ್ನು ತಪಾಸಣೆ ಮಾಡಿದಾಗ ಕತ್ತಿ ಕಂಡುಬಂತು. ಗೋಡೆಯ ಫಲಕ ಮಲೆಯಾಳದಲ್ಲಿ ಮಾತ್ರ ಇತ್ತು. ಅವರು ಅಕ್ಷರ ಕೂಡಿಸಿ ಓದಿ ಮುಗಿಸುವ ಮೊದಲೇ ಕತ್ತಿ ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಸೇರಿತು. ಮಧ್ಯಾಹ್ನ ಮರಳಿ ಬರುವಾಗ ಕಾವಲಿನವರು ಬದಲಾಗಿದ್ದರು, ತಟ್ಟೆ ಬರಿದಾಗಿತ್ತು. ರಶೀದಿ ಇರಲಿಲ್ಲ. ಜೋಪಾನಕ್ಕೆಂದು ಪಡೆದ ಪರರ ವಸ್ತುವನ್ನು ವಿವೇಕಿಯಾದವನು ತನ್ನದನ್ನು ಕಾಯುವಷ್ಟೇ ಎಚ್ಚರದಿಂದ ಕಾಯಬೇಕೆಂದು 1872ರ ಒಪ್ಪಂದ ಕಾಯಿದೆ ವಿಧಿಸುತ್ತದೆ. ಆದರೆ ಬೆರಳುದ್ದದ ಕತ್ತಿಗಾಗಿ ಯಾರು ದಾವೆ ಹೂಡುತ್ತಾರೆ? ಅವರು ಏನನ್ನೂ ಹೇಳದೆ ಬಸ್ಸು ಹತ್ತಿದರು. ಅದು ಅವರ ತಂದೆಯ ಕತ್ತಿ. ನಲುವತ್ತು ವರ್ಷ ಮಸೆದು ಮಸೆದು ಅಲಗು ಅರ್ಧವಾಗಿತ್ತು.

ಇಂಥ ಕತ್ತಿಯನ್ನು ಜತೆಯಲ್ಲಿ ಒಯ್ಯುವುದು ಅಪರಾಧವೇ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ವ್ಯಾಖ್ಯೆಯೇ ಕೇವಲ ಮನೆಬಳಕೆಗೆ ಅಥವಾ ಕೃಷಿಗೆಂದು ರೂಪಿಸಿದ ವಸ್ತುಗಳನ್ನು ಹೊರಗಿಟ್ಟಿದೆ. ನಿಯಮಗಳು ಅಲಗಿನ ಉದ್ದ 9 ಇಂಚು ಅಥವಾ ಅಗಲ 2 ಇಂಚು ಮೀರಿದ ಕತ್ತಿಗಳನ್ನು ಹೆಸರಿಸುತ್ತವೆ. ಅಲ್ಲಿಯೂ ಗೃಹಕೃತ್ಯ ಮತ್ತು ಕೃಷಿಯ ಉಪಕರಣಗಳಿಗೆ ವಿನಾಯಿತಿಯಿದೆ. ಮೂರೂವರೆ ಇಂಚಿನ ಪೀಶಕತ್ತಿಯನ್ನು ತೋಟಕ್ಕೆ ಒಯ್ದವನನ್ನು ಕಾಯಿದೆ ತಡೆಯುವುದಿಲ್ಲ. ಆದರೆ ಕಚೇರಿ, ವಿಮಾನ ಮೊದಲಾದ ಕಡೆಗಳಿಗೆ ಅವುಗಳದೇ ಕಟ್ಟುಪಾಡುಗಳಿವೆ. ಅಲ್ಲಿ ಅಡಕೆ ತಿನ್ನುವವನ ಅಗತ್ಯವನ್ನು ವಿವರಿಸಿ ಫಲವಿಲ್ಲ.

ಆಟಿ ಎಂದರೆ ಮಳೆ ಹಿಡಿದು ಕುಳ್ಳಿರಿಸುವ ತಿಂಗಳು. ತೋಟದಲ್ಲಿ ಕೆಲಸ ಕಡಿಮೆ, ಕುಲುಮೆಗೆ ಬರುವವರೂ ಕಡಿಮೆ. ಮಳೆಗಾಲಕ್ಕೆ ಮುಂಚಿನ ಗಡಿಬಿಡಿ ಮುಗಿದಿರುತ್ತದೆ, ನವರಾತ್ರಿಯ ಆಯುಧಪೂಜೆಯ ಗಡಿಬಿಡಿ ಇನ್ನೂ ತೊಡಗಿರುವುದಿಲ್ಲ. ಕತ್ತಿ ಹೇಳಿಡಲು ಇದೇ ತಕ್ಕ ಕಾಲವೆಂದು ಹಿರಿಯರು ಕಂಡುಕೊಂಡಿದ್ದರು. ಆ ಕೃಷಿಕರು ಕೊಡೆ ಹಿಡಿದು ಎರಡು ಗುಡ್ಡೆ ದಾಟಿ ಹೋದಾಗ ಆಚಾರಿಯವರು ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರು. ವಯಸ್ಸು ಎಪ್ಪತ್ತನಾಲ್ಕು. ಮಗ ಗಲ್ಫಿನಲ್ಲಿ ಕಬ್ಬಿಣದ ಬಾಗಿಲು ಬೆಸೆಯುವ ಕೆಲಸದಲ್ಲಿದ್ದಾನೆ; ಒಂದು ರೀತಿಯಲ್ಲಿ ಕುಲಕಸುಬನ್ನು ಬಿಟ್ಟಿಲ್ಲ ಎನ್ನಬಹುದು. ತಿದಿ ಒತ್ತುವ ಹುಡುಗನಿಲ್ಲದೆ ಬಹಳ ವರ್ಷಗಳಾದವು, ಆ ಕೆಲಸವನ್ನು ಒಂದು ವಿದ್ಯುತ್ ಗಾಳಿಯಂತ್ರ ಮಾಡುತ್ತಿದೆ. ಗೆರಟೆಯ ಇದ್ದಲು ಮಾತ್ರ ಹಳೆಯದೇ.

ಇಬ್ಬರ ಮಾತೂ ತುಳುವಿನಲ್ಲಿ ನಡೆಯಿತು. ಕತ್ತಿಯ ವಿಚಾರ ಕೇಳಿದೊಡನೆ ಆಚಾರಿಯವರು, “ಭಟ್ರೇ, ಕೈ ತೋರಿಸಿ” ಎಂದರು. ಬಲಗೈಯ ತೋರುಬೆರಳಿಗೆ ಮೇಲಿನ ಗೆಣ್ಣು ಇಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಪಂಪಿನ ಬೆಲ್ಟಿಗೆ ಸಿಕ್ಕಿ ಹೋದದ್ದು. ಆಚಾರಿಯವರು ಒಲೆಗೆ ಮೆತ್ತಲು ಕಲಸಿಟ್ಟ ಮಣ್ಣಿನಲ್ಲಿ ಒಂದು ಮುದ್ದೆಯನ್ನು ಉದ್ದಕ್ಕೆ ಉರುಟಿ, ಅಡಕೆ ಕತ್ತರಿಸುವಾಗ ಹಿಡಿಯುವಂತೆಯೇ ಹಿಡಿಯಬೇಕೆಂದು ಹೇಳಿ ಕೊಟ್ಟರು. ಬೆರಳುಗಳ ಅಚ್ಚು ಬಿದ್ದ ಆ ಮುದ್ದೆಯನ್ನು ಮಾಡಿನ ಕೆಳಗೆ ಹಲಗೆಯ ಮೇಲೆ ಒಣಗಲಿಟ್ಟರು. ಮುಂಗಡವಾಗಿ ನೂರು ರೂಪಾಯಿ, ಒಂದು ಕಟ್ಟು ಎಲೆ. ಇನ್ನೂ ನಿರ್ಮಾಣವಾಗದ ವಸ್ತುವಿನ ಮಾರಾಟಕ್ಕೂ ಒಪ್ಪಂದ ಮಾಡಿಕೊಳ್ಳಬಹುದೆಂದು 1930ರ ಸರಕು ಮಾರಾಟ ಕಾಯಿದೆ ಒಪ್ಪಿಕೊಂಡಿದೆ. ಅದನ್ನು ಭಾವೀ ಸರಕು ಎನ್ನುತ್ತಾರೆ. ಈ ಭಾವೀ ಸರಕಿಗೆ ಆ ದಿನ ಇದ್ದ ರೂಪ ಒಂದು ಹಿಡಿ ಹಸಿಮಣ್ಣು.

“ಯಾವಾಗ ಬರಲಿ?” ಎಂಬ ಪ್ರಶ್ನೆಗೆ ಮಾತ್ರ ಉತ್ತರ ತಡವಾಯಿತು. ಆಚಾರಿಯವರ ಎರಡು ಕಣ್ಣುಗಳಿಗೂ ಆ ವರ್ಷವೇ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ದೃಷ್ಟಿ ಚೆನ್ನಾಗಿ ಬಂದಿತ್ತು. ತೊಂದರೆ ಅದೇ ಆಗಿತ್ತು.

ಕತ್ತಿಯ ಗುಣವೆಲ್ಲ ಹದದಲ್ಲಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಅಲಗಿನ ಆಕಾರಕ್ಕೆ ತರುವುದು ದುಡಿಮೆ ಮಾತ್ರ. ಆ ಮೇಲೆ ಅದನ್ನು ಕೆಂಪಗೆ ಕಾಯಿಸಿ ತಟಕ್ಕನೆ ತಣಿಸಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ. ಆ ಗಡಸುತನವನ್ನು ಬೇಕಾದಷ್ಟೇ ಇಳಿಸಬೇಕು. ಅಲಗಿನ ಒಂದು ಮೈಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಕಾದ ದಪ್ಪ ಕಬ್ಬಿಣದ ಮೇಲೆ ಬೆನ್ನು ಕೆಳಗಾಗಿ ಹಿಡಿದರೆ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಏರಿ ಬರುತ್ತವೆ. 220 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ಒಣಹುಲ್ಲಿನ ಹಳದಿ, ಮತ್ತೆ ಕಂದು, 280ರ ಹತ್ತಿರ ನೇರಳೆ, 300ರ ಹತ್ತಿರ ನೀಲಿ. ಬಾಯಿಯಲ್ಲಿ ಹಳದಿ ಕಾಣುವ ಹೊತ್ತಿಗೆ ನೀರಿಗೆ ಅದ್ದಿದರೆ ಪೀಶಕತ್ತಿ. ಬಾಯಿಗೂ ನೀಲಿ ಬರುವ ತನಕ ಬಿಟ್ಟರೆ ಎರಡು ದಿನಕ್ಕೆ ಮೊಂಡಾಗುವ ತಗಡು. ಈ ತೀರ್ಮಾನಕ್ಕೆ ಉಷ್ಣಮಾಪಕವಿಲ್ಲ. ಕಣ್ಣೇ ಪ್ರಮಾಣ.

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಅದು ನಿಧಾನವಾಗಿ ನಡೆಯುವುದರಿಂದ ಅರಿವಿಗೆ ಬರುವುದಿಲ್ಲ. ಪೊರೆ ತೆಗೆದು ಸ್ವಚ್ಛ ಮಸೂರವಿಟ್ಟಾಗ ನೀಲಿ ಒಮ್ಮೆಲೇ ಮರಳುತ್ತದೆ. ಹಳದಿಯ ಮೂಲಕವೇ ಹಳದಿಯನ್ನು ಅಳೆಯುತ್ತ ಬಂದ ಆಚಾರಿಯವರಿಗೆ ಈಗ ಉಜ್ಜಿದ ಉಕ್ಕೇ ತುಸು ನೀಲಿಯಾಗಿ ಕಾಣುತ್ತಿತ್ತು. ಚಿಕಿತ್ಸೆಯ ಬಳಿಕ ಹದ ಹಾಕಿದ ಎರಡು ಬಾಗುಕತ್ತಿಗಳಲ್ಲಿ ಒಂದು ಬಾಯಿ ಮುಕ್ಕಾಗಿ ಮರಳಿ ಬಂದಿತ್ತು. “ಕಣ್ಣು ಹೊಸತು, ಕೈ ಹಳತು. ಅವೆರಡೂ ರಾಜಿಯಾಗಬೇಕು ಭಟ್ರೇ. ಸೋಣ ಕಳೆಯಲಿ” ಎಂದರು.

ಹೀಗೆ ಕಾಯುವಿಕೆ ತೊಡಗಿತು. ಬೆಂಗಳೂರಿನಲ್ಲಿರುವ ಮಗಳು ವಿಷಯ ತಿಳಿದು ಅಂತರ್ಜಾಲದಲ್ಲಿ ಒಂದು ಮಡಚುವ ಕತ್ತಿ ತರಿಸಿ ಕಳಿಸಿದಳು. ಅದು ಮೂರೇ ದಿನದಲ್ಲಿ ಬಂತು. ಅದನ್ನು ಕೆಟ್ಟ ಕತ್ತಿ ಎನ್ನುವಂತಿಲ್ಲ. ತುಕ್ಕು ಹಿಡಿಯುವುದಿಲ್ಲ, ಹಲಸಿನ ಮೇಣಕ್ಕೂ ಜಗ್ಗುವುದಿಲ್ಲ, ಹರಿತವೂ ಇದೆ. ಆದರೆ ಅದರ ಹಿಡಿ ಎಲ್ಲರ ಕೈಗೂ ಆಗುವಂತೆ ಮಾಡಿದ್ದು; ನಾಲ್ಕು ಮುಕ್ಕಾಲು ಬೆರಳಿನ ಕೈಯನ್ನು ಆ ಎಲ್ಲರೊಳಗೆ ಸೇರಿಸಿರಲಿಲ್ಲ. ಅಡಕೆಯನ್ನು ಒತ್ತುವಾಗ ಹಿಡಿ ಒಂದು ಬದಿಗೆ ತಿರುಗುತ್ತಿತ್ತು. ಅವರು ಅದನ್ನು ಗೊಬ್ಬರದ ಚೀಲ ಬಿಡಿಸಲು ಇಟ್ಟುಕೊಂಡರು, ಮಗಳು ಕೇಳಿದಾಗ ಚೆನ್ನಾಗಿದೆ ಎಂದರು.

ಈ ಕಾಯುವ ದಿನಗಳಲ್ಲೇ ಅವರ ಹಳೆಯ ಮರದ ಪೆಟ್ಟಿಗೆ ಮತ್ತೆ ತೆರೆಯಿತು. ಅದರಲ್ಲಿ ವರ್ಷಗಳಿಂದ ಕೂಡಿಟ್ಟ ಐದಾರು ಕತ್ತಿಗಳಿವೆ. ಮಡಿಕೇರಿಯಲ್ಲಿ ಕೊಂಡ ಒಂದು ಸಾದಾ ಪೀಚೆಕತ್ತಿ. ಅಜ್ಜನ ಕಾಲದ, ಕಡವೆಯ ಕೊಂಬಿನ ಹಿಡಿಯಿದ್ದ ಒಂದು ತುಂಡು ಕತ್ತಿ. ಕೊಂಬಿನ ಹಿಡಿಗಳ ವ್ಯಾಪಾರಕ್ಕೆ ವನ್ಯಜೀವಿ ಕಾಯಿದೆಯ ತಡೆ ಬಂದ ಮೇಲೆ ಅಂಥ ಹೊಸ ಹಿಡಿಗಳು ಕಾಣಸಿಗುವುದಿಲ್ಲ. ಮತ್ತೊಂದು, ಮಲಪ್ಪುರದ ಕಡೆಯ ಅಡಕೆ ವ್ಯಾಪಾರಿಯೊಬ್ಬರು ಸ್ನೇಹದಿಂದ ಕೊಟ್ಟ ಸೊಂಟದ ಕತ್ತಿ. ಈ ಕೊನೆಯದರ ಜಾತಿಗೆ ಒಂದು ಚರಿತ್ರೆಯಿದೆ. ಮಲಬಾರಿನ ಮಾಪ್ಪಿಳ ರೈತರ ದಂಗೆಗಳನ್ನು ಹತ್ತಿಕ್ಕಲೆಂದು ಕಂಪೆನಿ ಸರಕಾರ 1854ರಲ್ಲಿ ಯುದ್ಧಕತ್ತಿಯನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿ ಪ್ರತ್ಯೇಕ ಕಾಯಿದೆ ಮಾಡಿತು. ಜಿಲ್ಲಾಧಿಕಾರಿ ಕೊನೊಲಿ ಊರೂರು ತಿರುಗಿ, 1855ರ ಜನವರಿ ಮುಗಿಯುವಷ್ಟರಲ್ಲಿ 7,561 ಕತ್ತಿಗಳನ್ನು ವಶಪಡಿಸಿಕೊಂಡನೆಂದು ಲೋಗನ್ ತನ್ನ ಮಲಬಾರ್ ಕೈಪಿಡಿಯಲ್ಲಿ ದಾಖಲಿಸಿದ್ದಾನೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೊನೊಲಿಯ ಕೊಲೆಯಾಯಿತು. ಅಂದು ಕಾಸರಗೋಡು ಕೆನರಾ ಜಿಲ್ಲೆಯ ಭಾಗ. ಮಲಬಾರಿನ ಆ ಕಾಯಿದೆ ಇಲ್ಲಿನ ಅಡಕೆಯ ಕತ್ತಿಯ ತನಕ ಬರಲಿಲ್ಲ. ಒಂದೇ ಬೆಂಕಿಯಲ್ಲಿ ಕಾದ ಎರಡು ಅಲಗುಗಳಲ್ಲಿ ಒಂದು ಶಸ್ತ್ರವೆನಿಸಿತು, ಒಂದು ಸಾಮಾನಾಗಿ ಉಳಿಯಿತು. ಯಾವುದು ಯಾವುದೆಂದು ನಿರ್ಣಯಿಸುವವನು ಹೆಚ್ಚಿನ ಸಲ ಬಾಗಿಲಲ್ಲಿ ನಿಂತವನೇ.

ಪೆಟ್ಟಿಗೆಯ ಕತ್ತಿಗಳಲ್ಲಿ ಯಾವುದನ್ನಾದರೂ ಸಂಚಿಗೆ ಹಾಕಿಕೊಳ್ಳಬಹುದಿತ್ತು. ಮನೆಯಾಕೆ ಹಾಗೆಂದೇ ಹೇಳಿದರು. ಅವರು ಒಪ್ಪಲಿಲ್ಲ, ಸಂಚಿಯ ಆ ಸ್ಥಾನವನ್ನು ಖಾಲಿಯಾಗಿಯೇ ಇರಿಸಿ, ಅಡಕೆಯನ್ನು ಮನೆಯಲ್ಲೇ ಹೋಳು ಮಾಡಿ ಒಯ್ಯತೊಡಗಿದರು. ಸಂಗ್ರಹಕ್ಕೂ ಬಳಕೆಗೂ ಇರುವ ಅಂತರ ಇಷ್ಟೇ ಇರಬೇಕು. ಪೆಟ್ಟಿಗೆಯಲ್ಲಿ ಒಂದಕ್ಕೆ ಆರಾಗಬಹುದು, ಸಂಚಿಯಲ್ಲಿ ಜಾಗವಿರುವುದು ಒಂದಕ್ಕೆ.

ಸೋಣದೊಳಗೆ ಮೂರು ಬಾರಿ ಗುಡ್ಡೆ ದಾಟಿದ್ದಾಯಿತು. ಮೊದಲ ಬಾರಿ ಹೋದಾಗ ಅಲಗು ಇನ್ನೂ ಕಪ್ಪು ತುಂಡು. ಎರಡನೆಯ ಬಾರಿ ಅರ ಹಾಕಿ ಆಕಾರ ಬಂದಿತ್ತು, ಹದವಾಗಿರಲಿಲ್ಲ. ಪಕ್ಕದಲ್ಲಿ ಅದೇ ಪಟ್ಟಿಯಿಂದ ಕತ್ತರಿಸಿದ ನಾಲ್ಕು ಚಿಕ್ಕ ತುಂಡುಗಳು ನಾಲ್ಕು ಬಣ್ಣ ತಾಳಿ ಸಾಲಾಗಿದ್ದವು. ಆಚಾರಿಯವರು ಒಂದೊಂದರ ಅಂಚಿಗೂ ಅರ ಎಳೆದು, ಅದು ಕಚ್ಚುತ್ತದೆಯೋ ಜಾರುತ್ತದೆಯೋ ಎಂದು ನೋಡಿ, ಹೊಸ ಕಣ್ಣಿಗೆ ಹಳೆಯ ಬಣ್ಣಗಳ ಪಾಠ ಹೇಳಿಕೊಡುತ್ತಿದ್ದರು. ಈ ಶ್ರಮಕ್ಕೆ ಯಾರೂ ಹಣ ಕೊಡುವವರಿಲ್ಲ. ಮೂರನೆಯ ಬಾರಿ, ಮುಸ್ಸಂಜೆಯ ಅರೆಬೆಳಕಿನಲ್ಲಿ, ಹದ ಹಾಕುವುದನ್ನು ಕೃಷಿಕರು ಬಾಗಿಲಲ್ಲಿ ನಿಂತು ನೋಡಿದರು. ಬೆನ್ನಿಗೆ ನೀಲಿ ಬಂತು, ನೇರಳೆ ಮೇಲೇರಿತು, ಬಾಯಿಯ ಅಂಚಿನಲ್ಲಿ ಹಳದಿ ಮೂಡಿತು. ಆಚಾರಿಯವರು ಕೂಡಲೇ ಅದ್ದಲಿಲ್ಲ. ಒಂದು ಉಸಿರಿನಷ್ಟು ತಡೆದು ಮತ್ತೆ ಅದ್ದಿದರು.

ಮಹಾನವಮಿಯ ಎರಡು ದಿನ ಮೊದಲು ಕತ್ತಿ ಕೈಗೆ ಬಂತು. ಹಲಸಿನ ತಿರುಳಿನ ಹಿಡಿ, ಅಲಗಿನ ಬುಡವನ್ನು ಅರಗು ತುಂಬಿ ಕೂರಿಸಿದ್ದು, ಹಿತ್ತಾಳೆಯ ಬಳೆ. ತೋರುಬೆರಳು ನಿಲ್ಲುವಲ್ಲಿ ಮರವನ್ನು ತುಸು ಉಬ್ಬಿಸಿ, ಇಲ್ಲದ ಗೆಣ್ಣಿನ ಬದಲಿಗೆ ಒಂದು ಆಸರೆ ಕೊಟ್ಟಿದ್ದರು. ಅಲ್ಲಿಯೇ ಒಂದು ಅಡಕೆ ಕತ್ತರಿಸಿದ್ದಾಯಿತು, ಹಿಡಿ ತಿರುಗಲಿಲ್ಲ. ಅಡಕೆಯ ಚೊಗರು ತಾಗಿದ ಕಡೆ ಹೊಸ ಉಕ್ಕು ಆಗಲೇ ಮಸುಕಾಗತೊಡಗಿತ್ತು. ವರ್ಷ ಕಳೆಯುವಷ್ಟರಲ್ಲಿ ಅದು ಪೂರಾ ಕಪ್ಪಾಗುತ್ತದೆ, ಬಾಯಿ ಮಾತ್ರ ಬೆಳ್ಳಗಿರುತ್ತದೆ.

ಉಳಿದ ಹಣ ಕೊಟ್ಟು ಅವರು ಇನ್ನೊಂದನ್ನು ಹೇಳಿಡಲು ಹೊರಟರು. ಯಾರಿಗೆ ಎಂದು ಆಚಾರಿಯವರು ಕೇಳಿದರು. ಮಗಳಿಗೆ ಎಂದದ್ದಕ್ಕೆ ಅವರು ನಗಲಿಲ್ಲ, ಅಡಕೆ ತಿನ್ನದವಳಿಗೆ ಏಕೆಂದೂ ಕೇಳಲಿಲ್ಲ. ಕೈ ನೋಡದೆ ಮಾಡುವುದು ತನ್ನಿಂದಾಗದು, ಆಕೆ ಬರಲಿ ಎಂದರು. ಅಳತೆ ಬರೆದು ತಂದರೆ ಸಾಲದೇ ಎಂದರೆ ಸಾಲದು ಎಂದರು. ಮುಂಗಡವನ್ನೂ ಮುಟ್ಟಲಿಲ್ಲ.

ಮಗಳು ದೀಪಾವಳಿಗೆ ರಜೆ ಸಿಕ್ಕರೆ ಬರುತ್ತೇನೆಂದು ಹೇಳಿದ್ದಾಳೆ. ಲಾರಿಯ ಪಟ್ಟಿಯಲ್ಲಿ ಇನ್ನೊಂದು ಪೀಶಕತ್ತಿಗೆ ಆಗುವಷ್ಟು ಉಳಿದಿದೆ. ಆಚಾರಿಯವರು ಅದಕ್ಕೆ ಸುಣ್ಣದಿಂದ ಗುರುತು ಹಾಕಿ ಮಾಡಿನ ಎಡೆಗೆ ಸಿಕ್ಕಿಸಿಟ್ಟಿದ್ದಾರೆ.