ಪ್ರಾರಬ್ಧವೂ ಮಂಡಿನೋವಿನ ಎಣ್ಣೆಯೂ

ಯಾರಾದರೂ ಹಾಸಿಗೆ ಹಿಡಿದರೆ ನಮ್ಮಲ್ಲಿ ನೋಡಲು ಬರುವವರಿಗೆ ಬರವಿಲ್ಲ. ಎಳನೀರು, ಮೋಸಂಬಿ ತರುತ್ತಾರೆ. ಜೊತೆಗೊಂದಿಷ್ಟು ವೇದಾಂತವನ್ನೂ ತರುತ್ತಾರೆ. 'ಎಲ್ಲ ಪಡೆದುಕೊಂಡು ಬಂದದ್ದು, ಅನುಭವಿಸಿಯೇ ತೀರಬೇಕು' ಎಂದು ಹೇಳಿ, ಕಾಫಿ ಕುಡಿದು ಹೊರಡುತ್ತಾರೆ.

ನಮ್ಮ ಸೋದರತ್ತೆಗೆ ಮಂಡಿನೋವು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಕಾಲು ಊರುತ್ತಾರೆ. 'ನನ್ನ ಪ್ರಾರಬ್ಧ' ಅನ್ನುತ್ತಲೇ ಮಹಾನಾರಾಯಣ ತೈಲ ತಿಕ್ಕಿಕೊಳ್ಳುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ, ನಂಜನಗೂಡಿನ ನಂಜುಂಡೇಶ್ವರನಿಗೆ ಹರಕೆಯನ್ನೂ ಹೊತ್ತಿದ್ದಾರೆ. ಪ್ರಾರಬ್ಧ ಅಂದಮೇಲೆ ಮಾತ್ರೆ ಯಾಕತ್ತೆ ಎಂದು ಕೆಣಕಿದರೆ, 'ಕರ್ಮ ನನ್ನದು, ಮಾತ್ರೆ ಡಾಕ್ಟರದ್ದು. ನೀನು ಆ ಬಿಸಿನೀರಿನ ಚೀಲ ಕೊಡು' ಅಂತಾರೆ.

ಅತ್ತೆ ಚರಕಸಂಹಿತೆ ಓದಿದವರಲ್ಲ. ಆದರೆ ಅಲ್ಲಿಯೂ ಚಿಕಿತ್ಸೆ ಮೂರು ಬಗೆ: ಮಂತ್ರ, ಹೋಮ, ನಿಯಮಗಳ ದೈವವ್ಯಪಾಶ್ರಯ; ಔಷಧ, ಪಥ್ಯಗಳ ಯುಕ್ತಿವ್ಯಪಾಶ್ರಯ; ಮನಸ್ಸನ್ನು ಹತೋಟಿಗೆ ತರುವ ಸತ್ವಾವಜಯ. ಎಲ್ಲರ ಆಯುಸ್ಸೂ ಮೊದಲೇ ಗೊತ್ತಾಗಿಬಿಟ್ಟಿದ್ದರೆ ಔಷಧವಾದರೂ ಏಕೆ, ಹಾವು ಕಂಡರೆ ದೂರ ಸರಿಯುವುದಾದರೂ ಏಕೆ ಎಂದು ಆ ಗ್ರಂಥವೇ ವಾದಿಸುತ್ತದೆ. ಕರ್ಮವನ್ನು ನಂಬಿದವರೇ ಕೈಕಟ್ಟಿ ಕೂರಬೇಡ ಅಂದದ್ದು.

ಇನ್ನು ಪ್ರಾರಬ್ಧ ಬಿಲ್ಲಿನಿಂದ ಹೊರಟ ಬಾಣ, ಜ್ಞಾನಿಯ ದೇಹಕ್ಕೂ ಅದು ತಪ್ಪಿದ್ದಲ್ಲ ಎನ್ನುತ್ತಾರೆ ಶಂಕರರು. ರಾಮಕೃಷ್ಣ ಪರಮಹಂಸರು 1886ರಲ್ಲಿ ಗಂಟಲ ಕ್ಯಾನ್ಸರಿನಿಂದ ತೀರಿಕೊಂಡರು. ರಮಣ ಮಹರ್ಷಿಗಳು ತೋಳಿನ ಗೆಡ್ಡೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ 1950ರಲ್ಲಿ ಹೋದರು. ಯಾವ ಜನ್ಮದ ಪಾಪವೋ ಎಂದು ಅವರ ಬಗ್ಗೆ ಕೇಳುವ ಧೈರ್ಯ ನಮಗಿಲ್ಲ. ಅತ್ತೆಯ ಮಂಡಿಯ ವಿಷಯದಲ್ಲಿ ಮಾತ್ರ ಸಲೀಸಾಗಿ ಕೇಳುತ್ತೇವೆ.

ನೊಂದವರು ಸುಮ್ಮನಿರಬೇಕೆಂದೂ ಇಲ್ಲ. ವನಪರ್ವದಲ್ಲಿ ದ್ರೌಪದಿ, ಧರ್ಮ ಬಿಡದವನಿಗೇ ಈ ಪಾಡೇ, ವಿಧಾತ ನಮ್ಮನ್ನು ಗೊಂಬೆಗಳ ಹಾಗೆ ಆಡಿಸುತ್ತಾನಲ್ಲ ಎಂದು ಸಿಡಿಯುತ್ತಾಳೆ. ಇದು ನಾಸ್ತಿಕರ ಮಾತು ಎಂದು ಧರ್ಮರಾಯ ಗದರುತ್ತಾನೆ. ಆದರೂ ಮಹಾಭಾರತ ಅವಳ ಒಂದು ಮಾತನ್ನೂ ನುಂಗಿಕೊಂಡಿಲ್ಲ. ಪೂರ್ತಿ ಆಡಲು ಬಿಟ್ಟಿದೆ.

ತನ್ನ ನೋವಿಗೆ ತಾನೇ ಹೇಳಿಕೊಂಡಾಗ ಪ್ರಾರಬ್ಧದ ಮಾತು ಧೈರ್ಯ ಕೊಡುತ್ತದೆ. ಪಕ್ಕದಲ್ಲಿ ಕೂತವರು ಹೇಳಿದರೆ ಅದೇ ಮಾತು ಆರೋಪವಾಗುತ್ತದೆ. ಶಾಸ್ತ್ರ ಪ್ರಾರಬ್ಧಕ್ಕೇ ನಿಲ್ಲುವುದಿಲ್ಲ, ಇಂದು ಮಾಡಿದ್ದು ಮುಂದೆ ಫಲ ಕೊಡುವ ಆಗಾಮಿಯೂ ಇದೆ. ನರಳುವವರ ಹತ್ತಿರ ಹೋಗಿ ಎಣ್ಣೆ ತಿಕ್ಕಿದೆವೋ, ಉಪದೇಶ ಮಾಡಿ ಬಂದೆವೋ ಎಂಬುದು ನಮ್ಮ ಆಗಾಮಿಯ ಲೆಕ್ಕಕ್ಕೇ ಸೇರುತ್ತದೆ.